ಶಿರಸಿ ಪೇಟೆಯ ಬಟ್ಟೆ ಹೂವು: ಒಂದು ಮಳೆಗಾಲ ಕಳೆದ ಮೇಲೆ

2024ರ ಮಾರ್ಚ್ ತಿಂಗಳಲ್ಲಿ ಮಾರಿಕಾಂಬಾ ಜಾತ್ರೆ ನಡೆದಾಗ ಬಿಡಕಿಬೈಲಿನ ಸುತ್ತಲಿನ ಅಂಗಡಿ ಸಾಲುಗಳಲ್ಲಿ ಬಟ್ಟೆಯ ಮತ್ತು ಪ್ಲಾಸ್ಟಿಕ್ಕಿನ ಹೂವುಗಳು ರಾಶಿ ರಾಶಿಯಾಗಿ ಬಂದಿದ್ದವು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯಲ್ಲಿ ಕೊಂಡ ವಸ್ತು ಕೆಟ್ಟರೆ ಮಾರಿದವರನ್ನು ಮತ್ತೆ ಹುಡುಕುವುದು ಸಾಧ್ಯವಿಲ್ಲವೆಂಬ ಕಾರಣಕ್ಕೆ ನಾನು ಅಲ್ಲಿ ಏನನ್ನೂ ಕೊಳ್ಳದೆ, ಜಾತ್ರೆಯ ಗದ್ದಲ ಅಡಗಿದ ಎರಡು ವಾರಗಳ ನಂತರ ಪೇಟೆಯಲ್ಲಿರುವ ಒಂದು ಖಾಯಂ ಫ್ಯಾನ್ಸಿ ಅಂಗಡಿಗೆ ಹೋದೆ. ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನಾನು ಹೇಳಲಿರುವ ಕೊರತೆಗಳು ಅಂಥ ಹಲವು ಅಂಗಡಿಗಳಲ್ಲಿ ಇರುವಂಥವೇ ಆಗಿವೆ. ಬಳೆ, ರಿಬ್ಬನ್, ಹುಟ್ಟುಹಬ್ಬದ ಬಲೂನು, ಉಡುಗೊರೆ ಸುತ್ತುವ ಕಾಗದ ಇವೆಲ್ಲದರ ನಡುವೆ ಹಿಂದಿನ ಗೋಡೆಗೆ ಕೃತಕ ಹೂವಿನ ಗೊಂಚಲುಗಳನ್ನು ತೂಗುಹಾಕಿರುವ ಅಂಗಡಿ ಎಂದರೆ ಊರಿನವರಿಗೆ ಬಗೆ ತಿಳಿಯುತ್ತದೆ.

ಅಲ್ಲಿ ಗಾಜಿನ ಕಪಾಟಿನೊಳಗೆ ಸಿದ್ಧಪಡಿಸಿಟ್ಟ ಒಂದು ಹೂದಾನಿ ಇತ್ತು. ಅದರ ಬೆಲೆ 1,250 ರೂಪಾಯಿ. ಅದರಲ್ಲಿದ್ದ ಹೂವುಗಳನ್ನು ಸ್ವಲ್ಪ ಹೊತ್ತು ನೋಡಿದ ಮೇಲೆ, ಪಕ್ಕದ ಗೋಡೆಯಲ್ಲಿ ಬಿಡಿಯಾಗಿ ತೂಗುತ್ತಿದ್ದ ಗೊಂಚಲುಗಳೇ ಅದರೊಳಗೂ ಇವೆ ಎಂಬುದು ಗೊತ್ತಾಯಿತು. ಆಗಲೇ ಇದನ್ನು ಮನೆಯಲ್ಲಿ ಮಾಡಿ ನೋಡಬೇಕೆಂದು ನಿಶ್ಚಯಿಸಿದೆ. ಈ ಬರಹವನ್ನು ಅಂದೇ ಬರೆಯಬಹುದಿತ್ತಾದರೂ, ಶಿರಸಿಯಲ್ಲಿ ಯಾವ ವಸ್ತುವಿನ ಗುಣವನ್ನೂ ಏಪ್ರಿಲ್ ತಿಂಗಳಲ್ಲಿ ನಿರ್ಧರಿಸಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಮತ್ತು ಥಂಡಿಯಲ್ಲಿ ಅದು ಏನಾಗುತ್ತದೆ ಎಂಬುದನ್ನು ಕಂಡ ಮೇಲೆಯೇ ಮಾತನಾಡಬೇಕು. ಹಾಗಾಗಿ ಒಂದು ಮಳೆಗಾಲವನ್ನು ಪೂರ್ತಿ ಕಳೆಯಲು ಬಿಟ್ಟೆ.

ಕೊಂಡ ಸಾಮಾನಿನ ಲೆಕ್ಕವನ್ನು ಮೊದಲು ಹೇಳಿಬಿಡುತ್ತೇನೆ. ತಲಾ 110 ರೂಪಾಯಿಯಂತೆ ಎರಡು ಹೂವಿನ ಗೊಂಚಲು, 90 ರೂಪಾಯಿಯ ಒಂದು ನೀಲಗಿರಿ ಎಲೆಯ ಗೊಂಚಲು, ಹೂವಿನಂಗಡಿಯವರು ಜಿಪ್ಸಿ ಎಂದು ಕರೆಯುವ ಸಣ್ಣ ಬಿಳಿ ಹೂವಿನ ನಕಲು 50 ರೂಪಾಯಿ, ಹೂವು ಚುಚ್ಚುವ ಫೋಮಿನ ಇಟ್ಟಿಗೆ 45 ರೂಪಾಯಿ, ಹಸಿರು ಟೇಪು 20 ರೂಪಾಯಿ, ಮತ್ತು ಸಂತೆಯಲ್ಲಿ ಕೊಂಡ ಮಣ್ಣಿನ ಕುಡಿಕೆ 60 ರೂಪಾಯಿ. ಒಟ್ಟು 485 ರೂಪಾಯಿ ಆಯಿತು. ಇದಲ್ಲದೆ 180 ರೂಪಾಯಿ ಕೊಟ್ಟು ಒಂದು ಗ್ಲೂ ಗನ್ ಕೊಂಡೆ. ಅದು ಆಮೇಲೆ ಮನೆಯ ಹತ್ತು ಕೆಲಸಕ್ಕೆ ಬಂದುದರಿಂದ ಹೂವಿನ ಲೆಕ್ಕಕ್ಕೆ ಅದನ್ನು ಸೇರಿಸುತ್ತಿಲ್ಲ. ಮೇಲಿನ ಪಟ್ಟಿಯಲ್ಲಿ ಫೋಮು, ಟೇಪು ಮತ್ತು ಜಿಪ್ಸಿ ಮೂರೂ ದಂಡವಾದವು. ಆ 115 ರೂಪಾಯಿಯನ್ನು ಕಳೆದರೆ ಉಳಿಯುವ 370 ರೂಪಾಯಿಯೇ ಈ ಹೂದಾನಿಯ ನಿಜವಾದ ಖರ್ಚು.

ಹೂವುಗಳ ವಿಷಯಕ್ಕೆ ಬಂದರೆ, ಅಂಗಡಿಯಲ್ಲಿ ಮೂರು ಬಗೆಯವು ಇದ್ದವು. ದಳವೂ ದಂಟೂ ಪೂರ್ತಿ ಪ್ಲಾಸ್ಟಿಕ್ಕಿನವಾದ ಅತ್ಯಂತ ಅಗ್ಗದ ಹೂವುಗಳು ದೂರದಿಂದಲೇ ಹೊಳೆಯುತ್ತವೆ, ಮತ್ತು ಆ ಹೊಳಪೇ ಅವುಗಳ ಗುಟ್ಟನ್ನು ರಟ್ಟು ಮಾಡುತ್ತದೆ. ಸ್ಪಂಜಿನಂತೆ ಮೆತ್ತಗಿರುವ ಫೋಮ್ ಹೂವುಗಳು ನೋಡಲು ಚೆಂದವಿದ್ದರೂ ಉಗುರು ತಾಗಿದರೆ ಹರಿಯುತ್ತವೆ. ಮೂರನೆಯದು ಪಾಲಿಯೆಸ್ಟರ್ ಬಟ್ಟೆಯ ದಳಗಳನ್ನು ಪ್ಲಾಸ್ಟಿಕ್ ದಂಟಿಗೆ ಸಿಕ್ಕಿಸಿ ಒಳಗೆ ಕಬ್ಬಿಣದ ತಂತಿ ಇಟ್ಟ ಬಗೆ. ನಾನು ಕೊಂಡದ್ದು ಇದನ್ನೇ. ಒಂದು ಗೊಂಚಲಿನಲ್ಲಿ ಏಳು ಹೂವುಗಳಿರುತ್ತವೆ. ಆರಿಸುವಾಗ ದಳದ ಅಂಚನ್ನು ಬೆರಳಿನಿಂದ ಸವರಿ ನೋಡಬೇಕು: ಅಂಚಿನಲ್ಲಿ ನೂಲು ಬಿಟ್ಟಿದ್ದರೆ ಒಂದೆರಡು ಸಲ ಧೂಳು ಒರೆಸುವಷ್ಟರಲ್ಲಿ ಅದು ಹಳೆಯ ಕರವಸ್ತ್ರದಂತೆ ಕಾಣತೊಡಗುತ್ತದೆ.

ಬಣ್ಣದ ಆಯ್ಕೆಯಲ್ಲಿ ಅಂಗಡಿಯವರ ಸಲಹೆಯನ್ನು ನಾನು ಒಪ್ಪಲಿಲ್ಲ. ಅವರು ಗಾಢ ನೀಲಿ ಗುಲಾಬಿಯನ್ನು ಬಹಳ ಹೊಗಳಿ ಮುಂದಿಟ್ಟರು. ನೀಲಿ ಬಣ್ಣ ಕೊಡುವ ದ್ರವ್ಯವನ್ನು ತಯಾರಿಸುವ ಶಕ್ತಿ ಗುಲಾಬಿ ಗಿಡಕ್ಕೇ ಇಲ್ಲದಿರುವುದರಿಂದ ತೋಟದಲ್ಲಿ ನೀಲಿ ಗುಲಾಬಿಯನ್ನು ಯಾರೂ ಕಂಡಿಲ್ಲ. ಹಾಗಿರುವಾಗ ಅದನ್ನು ಹೂದಾನಿಯಲ್ಲಿ ಕಂಡ ಕಣ್ಣು ಒಡನೆಯೇ ಇದು ನಕಲು ಎಂದು ತೀರ್ಮಾನಿಸಿಬಿಡುತ್ತದೆ. ನಾನು ಕೆನೆ ಬಣ್ಣದ ಗುಲಾಬಿಯ ಒಂದು ಗೊಂಚಲನ್ನೂ, ಮಾಸಲು ಗುಲಾಬಿ ಬಣ್ಣದ ಡೇರೆ (ಡೇಲಿಯಾ) ಹೂವಿನ ಒಂದು ಗೊಂಚಲನ್ನೂ ಆರಿಸಿದೆ. ಮಲೆನಾಡಿನ ಮನೆಗಳಲ್ಲಿ ಮಳೆಗಾಲವೆಂದರೆ ಅಂಗಳದ ತುಂಬ ಡೇರೆ ಹೂವು ಇರಲೇಬೇಕಾದ ಕಾಲ. ನಿಜವಾದ ಡೇರೆಯನ್ನು ಹತ್ತಿರದಿಂದ ನೋಡಿದವರಿಗೆ ಅದರ ನಡುವಿನ ದಳಗಳು ಇನ್ನೂ ಬಿಚ್ಚಿಕೊಳ್ಳದೆ ಬಿಗಿಯಾಗಿ ಮುದುಡಿರುವುದೂ, ಹೊರಗಿನ ಸಾಲು ಬಣ್ಣ ಬಿಟ್ಟು ಹಿಂದಕ್ಕೆ ಬಾಗಿರುವುದೂ ಗೊತ್ತಿರುತ್ತದೆ. ಅಂಗಡಿಯ ಡೇರೆಯಲ್ಲಿ ಎಲ್ಲ ದಳಗಳೂ ಒಂದೇ ಬಣ್ಣದವು ಮತ್ತು ಸಾಗಾಟದಲ್ಲಿ ಒತ್ತಿ ಒತ್ತಿ ಎಲ್ಲವೂ ಮೇಲ್ಮುಖವಾಗಿ ಚಪ್ಪಟೆಯಾಗಿದ್ದವು. ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ಹೂವನ್ನು ಒಂದು ಗೇಣು ದೂರದಲ್ಲಿ ಆವಿಗೆ ಹಿಡಿದು, ಬಿಸಿ ಇರುವಾಗಲೇ ಹೊರಗಿನ ದಳಗಳನ್ನು ಒಂದೊಂದಾಗಿ ಹಿಂದಕ್ಕೆ ಬಾಗಿಸಿದೆ. ಅರ್ಧ ಗಂಟೆಯ ಈ ಕೆಲಸದಿಂದ ಹೂವಿಗೆ ಬಂದ ಕಳೆ, 110 ರೂಪಾಯಿಯ ಗೊಂಚಲಿನ ಜಾಗದಲ್ಲಿ 300 ರೂಪಾಯಿಯದನ್ನು ಕೊಂಡಿದ್ದರೂ ಬರುತ್ತಿರಲಿಲ್ಲ. ದಂಟಿನ ಪ್ಲಾಸ್ಟಿಕ್ಕಿಗೆ ಮಾತ್ರ ಆವಿ ತಾಗದಂತೆ ನೋಡಿಕೊಳ್ಳಬೇಕು. ನನ್ನ ಮೊದಲ ಹೂವಿನ ತೊಟ್ಟು ಮೆತ್ತಗಾಗಿ ವಾಲಿತು.

ಕೆಂಪು ಹೂವನ್ನು ಕೊಳ್ಳುವ ಮನಸ್ಸಿದ್ದವರು ಒಂದು ಪರೀಕ್ಷೆಯನ್ನು ಮಾಡಬೇಕು. ನಾನು ಅಂಗಡಿಯವರ ಅನುಮತಿ ಪಡೆದು ಒದ್ದೆ ಮಾಡಿದ ಬಿಳಿಯ ಕರವಸ್ತ್ರದಿಂದ ಒಂದು ಕೆಂಪು ಗುಲಾಬಿಯ ಹಿಂಬದಿಯನ್ನು ಒತ್ತಿದೆ. ಕರವಸ್ತ್ರದ ಮೇಲೆ ಕುಂಕುಮ ಒರೆಸಿದಂತೆ ಗುರುತು ಬಿತ್ತು. ಕೆನೆ ಮತ್ತು ಹಳದಿ ಬಣ್ಣದವು ಏನೂ ಬಿಡಲಿಲ್ಲ. ಗೋಡೆಗೆ ತಾಗಿಸಿ ಇಡುವ ಹೂವು ಮಳೆಗಾಲದಲ್ಲಿ ಗೋಡೆಯ ತೇವವನ್ನು ಹೀರಿ ಸುಣ್ಣದ ಮೇಲೆ ಬಣ್ಣ ಬಿಟ್ಟರೆ ಅದನ್ನು ತೆಗೆಯುವುದು ಕಷ್ಟ. ಅಂಗಡಿಯವರು ಈ ಪರೀಕ್ಷೆಗೆ ಬೇಸರಿಸದೆ ತಾವೂ ಕುತೂಹಲದಿಂದ ನೋಡಿದರು ಎಂಬುದನ್ನು ಅವರ ಪರವಾಗಿ ದಾಖಲಿಸಬೇಕು.

ಆದರೆ ಫೋಮಿನ ವಿಷಯದಲ್ಲಿ ಅವರು ಕೊಟ್ಟದ್ದು ತಪ್ಪು ವಸ್ತು. ಹೂವು ಚುಚ್ಚುವ ಫೋಮಿನಲ್ಲಿ ಎರಡು ಜಾತಿಗಳಿವೆ. ಹಸಿರು ಬಣ್ಣದ, ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವ ಮೆತ್ತನೆಯದು ತಾಜಾ ಹೂವುಗಳಿಗಾಗಿ ಇರುವುದು. ಬೂದು ಅಥವಾ ಕಂದು ಬಣ್ಣದ, ಒತ್ತಿದರೆ ಸುಲಭಕ್ಕೆ ಕುಸಿಯದ ಗಟ್ಟಿಯದು ಕೃತಕ ಮತ್ತು ಒಣ ಹೂವುಗಳಿಗಾಗಿ ಇರುವುದು. ನನಗೆ ಸಿಕ್ಕಿದ್ದು ಹಸಿರಿನದು. ಅದನ್ನು ಒಣಗಿದ್ದಾಗಲೇ ಬಳಸಿದರೆ ದಂಟು ಚುಚ್ಚಿದ ತೂತು ದೊಡ್ಡದಾಗುತ್ತಾ ಹೋಗಿ, ಹೂವು ಮುದುಕರ ಹಲ್ಲಿನಂತೆ ಅಲುಗಾಡತೊಡಗುತ್ತದೆ. ಜೊತೆಗೆ ಉದುರುವ ನುಣ್ಣನೆಯ ಪುಡಿ ಕಣ್ಣು ಮೂಗುಗಳಿಗೆ ಉರಿ ತರುತ್ತದೆ. ವಾಪಸು ಒಯ್ದಾಗ, ಕತ್ತರಿಸಿದ ಮಾಲನ್ನು ತೆಗೆದುಕೊಳ್ಳುವುದಿಲ್ಲ ಎಂದರು. ಅದು ನ್ಯಾಯವೇ ಆದರೂ, ಕೊಳ್ಳುವಾಗ "ಇದು ನಕಲಿ ಹೂವಿಗೆ ಆಗುತ್ತದೆಯೇ" ಎಂದು ನಾನು ಸ್ಪಷ್ಟವಾಗಿ ಕೇಳಿದ್ದೆ ಮತ್ತು "ಎಲ್ಲದಕ್ಕೂ ಇದೇ ಆಗ್ತದೆ ಅಕ್ಕಾ" ಎಂಬ ಉತ್ತರ ಸಿಕ್ಕಿತ್ತು. ಹಸಿರು ಟೇಪಿನದೂ ಇದೇ ಕಥೆ. ಹೂವಿನ ಕೆಲಸಕ್ಕೆ ಬಳಸುವ ಟೇಪು ಮೇಣ ಸವರಿದ ಕಾಗದದ್ದು. ಎಳೆದಾಗ ಮಾತ್ರ ಅದು ಅಂಟುತ್ತದೆ. ಅದರ ಹೆಸರಿನಲ್ಲಿ ನನಗೆ ಕೊಟ್ಟದ್ದು ವಿದ್ಯುತ್ ತಂತಿಗೆ ಸುತ್ತುವ ಮಾಮೂಲಿ ಟೇಪು, ಎರಡನೆಯ ವಾರದಲ್ಲಿಯೇ ಅದರ ಅಂಟು ಜಿನುಗಿ ಇರುವೆಗಳು ಅಂಟಿಕೊಂಡವು.

ಫೋಮಿಗೆ ಬದಲಾಗಿ ಥರ್ಮೋಕೋಲ್ ಚೆಂಡನ್ನು ಕೊಡುತ್ತೇವೆ ಎಂದೂ ಅವರು ಹೇಳಿದರು. ಅಲಂಕಾರಕ್ಕೆ ಬಳಸುವ ಥರ್ಮೋಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಸ್ಟ್ರಾ, ಲೋಟ, ತಟ್ಟೆಗಳ ಜೊತೆ ಅದೂ ಇದೆ. ಚೌತಿಯ ಮಂಟಪಗಳ ನೆನಪಿನಿಂದಲೋ ಏನೋ, ಕೊಳ್ಳುವವರೂ ಮಾರುವವರೂ ಇದನ್ನು ಮರೆತಂತೆ ನಡೆದುಕೊಳ್ಳುತ್ತಾರೆ. ನಾನು ಹೊಸದನ್ನು ಕೊಳ್ಳದೆ, ಮಿಕ್ಸರ್‌ನ ಪೆಟ್ಟಿಗೆಯೊಳಗೆ ಬಂದು ಅಟ್ಟದ ಮೇಲೆ ಬಿದ್ದಿದ್ದ ಹಳೆಯ ತುಂಡನ್ನೇ ಕುಡಿಕೆಯ ಬಾಯಿಗಿಂತ ತುಸು ಕೆಳಗೆ ಬಿಗಿಯಾಗಿ ಕೂರುವಂತೆ ಕತ್ತರಿಸಿ ತುರುಕಿದೆ. ಅದರ ಕೆಳಗೆ ಭಾರಕ್ಕಾಗಿ ಹೊಳೆಯ ಮರಳನ್ನು ತೊಳೆದು ಒಣಗಿಸಿ ತುಂಬಿದೆ, ಏಕೆಂದರೆ ತಲೆಭಾರದ ಕುಡಿಕೆಯನ್ನು ಮನೆಯ ಬೆಕ್ಕು ಒಂದು ದಿನವೂ ನೆಟ್ಟಗೆ ಇರಲು ಬಿಡುವುದಿಲ್ಲ. ಥರ್ಮೋಕೋಲಿಗೆ ರಬ್ಬರ್ ಅಂಟನ್ನು ಹಾಕಬಾರದು. ಅಂಟಿನಲ್ಲಿರುವ ದ್ರಾವಕ ಅದನ್ನು ಕರಗಿಸಿ ಹೊಂಡ ಮಾಡುತ್ತದೆ. ಗ್ಲೂ ಗನ್ನಿನ ಬಿಸಿ ಅಂಟೂ ನೇರವಾಗಿ ಬಿದ್ದರೆ ಅದನ್ನು ಕರಗಿಸುವುದರಿಂದ, ಅಂಟನ್ನು ದಂಟಿನ ತುದಿಗೆ ಹಚ್ಚಿ, ಐದಾರು ಸೆಕೆಂಡು ಆರಲು ಬಿಟ್ಟು, ಆಮೇಲೆ ಚುಚ್ಚುವುದು ಸರಿಯಾದ ಕ್ರಮ. ಗನ್ ಸ್ವತಃ ಉತ್ತಮವಾಗಿ ಕೆಲಸ ಮಾಡಿತು, ನಾಲ್ಕೈದು ನಿಮಿಷದಲ್ಲಿ ಕಾದಿತು. ಎರಡು ಸಲ ಕರೆಂಟು ಹೋದದ್ದಕ್ಕೆ ಅದು ಹೊಣೆಯಲ್ಲ.

ಜೋಡಿಸುವ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಗೊಂಚಲನ್ನು ಹಾಗೆಯೇ ಕುಡಿಕೆಗೆ ಇಳಿಸದಿರುವುದು. ಏಳು ಹೂವುಗಳು ಒಂದೇ ಎತ್ತರದಲ್ಲಿ ಕೊಡೆಯಂತೆ ಬಿಚ್ಚಿಕೊಂಡರೆ ಅದು ಅಂಗಡಿಯ ಗೋಡೆಯಲ್ಲಿ ಹೇಗಿತ್ತೋ ಹಾಗೆಯೇ ಮನೆಯಲ್ಲಿಯೂ ಕಾಣುತ್ತದೆ. ಕಟಿಂಗ್ ಪ್ಲೇಯರಿನಿಂದ ಪ್ರತಿ ಕವಲನ್ನೂ ಬುಡದಲ್ಲಿ ಕತ್ತರಿಸಬೇಕು. ಕತ್ತರಿಯಿಂದ ಪ್ರಯತ್ನಿಸಿದರೆ ತಂತಿಗೆ ಸಿಕ್ಕಿ ಕತ್ತರಿಯ ಬಾಯಿ ಹಾಳಾಗುತ್ತದೆ. ಹೀಗೆ ಕತ್ತರಿಸಿದ ದಂಟುಗಳು ಹದಿನೈದು ಸೆಂಟಿಮೀಟರಿಗಿಂತ ಉದ್ದ ಇರುವುದಿಲ್ಲವಾದ್ದರಿಂದ, ಎತ್ತರ ಬೇಕಾದ ಕಡೆ ತೆಂಗಿನ ಹಿಡಿಕಡ್ಡಿಯನ್ನು ಜೊತೆಗಿಟ್ಟು ಅಂಟಿಸಿದೆ. ಹಿಡಿಕಡ್ಡಿ ಗಟ್ಟಿ, ಬಾಗಿದರೆ ಬಾಗುತ್ತದೆ, ತುಕ್ಕು ಹಿಡಿಯುವುದಿಲ್ಲ, ಮತ್ತು ಪೊರಕೆಯಿಂದ ನಾಲ್ಕು ಕಡ್ಡಿ ಎಳೆದುಕೊಂಡರೆ ಯಾರೂ ಹಣ ಕೇಳುವುದಿಲ್ಲ. ಕುಡಿಕೆಯ ಎತ್ತರ 18 ಸೆಂಟಿಮೀಟರ್. ಹೂದಾನಿಯ ಒಂದೂವರೆ ಪಟ್ಟು ಎತ್ತರಕ್ಕೆ ಅತಿ ಉದ್ದದ ಹೂವು ಇರಬೇಕೆಂಬ ಹಳೆಯ ಲೆಕ್ಕದಂತೆ, ಬಾಯಿಯಿಂದ ಮೇಲಕ್ಕೆ 27 ಸೆಂಟಿಮೀಟರಿಗೆ ಮೊದಲನೆಯ ಗುಲಾಬಿಯನ್ನು ನಿಲ್ಲಿಸಿದೆ. ಉಳಿದವನ್ನು ಅದಕ್ಕಿಂತ ತಗ್ಗಿಸುತ್ತಾ, ಮುಖಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸುತ್ತಾ, ಒಂದೆರಡನ್ನು ಕುಡಿಕೆಯ ಅಂಚಿನಿಂದ ಹೊರಕ್ಕೆ ಬಾಗಿಸಿದೆ. ಹದಿನಾಲ್ಕು ಹೂವುಗಳಿದ್ದರೂ ಬಳಸಿದ್ದು ಒಂಬತ್ತನ್ನು ಮಾತ್ರ.

ಇಲ್ಲಿಯೇ ನನ್ನ ಮುಖ್ಯ ಅಭಿಪ್ರಾಯವನ್ನು ಹೇಳಬೇಕು. ಈ ಅಂಗಡಿಯಲ್ಲಿ ಹಣ ಕೊಡಬೇಕಾದದ್ದು ಎಲೆಗೆ, ಹೂವಿಗೆ ಅಷ್ಟಾಗಿ ಬೇಕಿಲ್ಲ. 90 ರೂಪಾಯಿಯ ನೀಲಗಿರಿ ಎಲೆ ನಾನು ಕೊಂಡ ವಸ್ತುಗಳಲ್ಲೆಲ್ಲ ಅತ್ಯುತ್ತಮವಾಗಿತ್ತು: ಎಲೆಯ ಮೇಲೆ ಬೂದಿ ಬಳಿದಂಥ ಮಂಕು ಬಣ್ಣ, ಒಂದೊಂದು ಎಲೆಯ ಅಂಚಿನಲ್ಲಿ ತುಸು ಕೆಂಪು, ಬಾಗಿಸಿದ ಹಾಗೆ ನಿಲ್ಲುವ ಕವಲು. ಹೂವು ನಕಲು ಎಂಬ ಸಂಶಯ ಹುಟ್ಟುವುದು ಹೆಚ್ಚಾಗಿ ಅದರ ಬುಡದಲ್ಲಿ, ದಂಟು ಬೋಳಾಗಿ ಕಾಣುವ ಕಡೆಯಲ್ಲಿ. ಆ ಬುಡವನ್ನು ಎಲೆ ಮುಚ್ಚಿದರೆ ಸಾಧಾರಣ ಹೂವೂ ದಾಟಿಹೋಗುತ್ತದೆ. ಜಿಪ್ಸಿ ಹೂವಿನ ನಕಲನ್ನು ಮಾತ್ರ ಯಾರೂ ಕೊಳ್ಳಬಾರದು, ಅದು ಹಲ್ಲುಜ್ಜುವ ಬ್ರಷ್ಷಿನ ಎಳೆಗಳಿಗೆ ಬಿಳಿ ಮಣಿ ಅಂಟಿಸಿದಂತೆ ಕಾಣುತ್ತದೆ. ಅದನ್ನು ತೆಗೆದು ಆ ಜಾಗದಲ್ಲಿ ನಾನು ಇಟ್ಟದ್ದು, ಕಾಯಿ ಉದುರಿಸಿದ ಮೇಲೆ ಅಂಗಳದ ಮೂಲೆಯಲ್ಲಿ ಬಿದ್ದಿರುವ ಅಡಿಕೆ ಕೊನೆಯ ಒಣ ಕಡ್ಡಿಗಳನ್ನು. ಬಿಸಿಲಿನಲ್ಲಿ ನಾಲ್ಕು ದಿನ ಚೆನ್ನಾಗಿ ಒಣಗಿಸಿ, ಪುಡಿ ಝಾಡಿಸಿ, ಎಲೆಗಳ ನಡುವೆ ಸಿಕ್ಕಿಸಿದಾಗ ಇಡೀ ಜೋಡಣೆಗೆ ಒಂದು ಊರಿನ ಗುರುತು ಬಂತು. ಮನೆಗೆ ಬಂದವರು ಮೊದಲು ಮುಟ್ಟಿ ನೋಡುವುದು ಆ ಕಡ್ಡಿಗಳನ್ನು; ಅವು ನಿಜವೆಂದು ತಿಳಿದ ಮೇಲೆ ಹೂವನ್ನು ಪರೀಕ್ಷಿಸಲು ಹೋಗುವುದೇ ಇಲ್ಲ.

ನನ್ನ ಅತ್ತೆಯವರು ಮಾತ್ರ ಪರೀಕ್ಷಿಸಿದರು. "ತಂಗಿ, ಇದ್ನ ದೇವ್ರ ಮುಂದೆ ಇಡಡ, ಜಗ್ಲಿ ಮೇಲೆ ಇರ್ಲಿ" ಎಂಬುದು ಅವರ ತೀರ್ಪು. ದೇವರ ಮುಂದೆ ಇಡುವ ಉದ್ದೇಶ ನನಗೂ ಇರಲಿಲ್ಲ. ಪಾಲಿಯೆಸ್ಟರ್ ದಳ ದೀಪದ ಕುಡಿಗೆ ತಾಗಿದರೆ ಕರಗಿ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಶಾಸ್ತ್ರವನ್ನು ಬಿಟ್ಟು ನೋಡಿದರೂ ಅವರ ಮಾತು ಸರಿ. ಕೈಯಿಂದ ಮಾಡಿದ ಹೂವು ಈ ಸೀಮೆಗೆ ಹೊಸತೇನೂ ಅಲ್ಲ ಎಂದು ನಾನು ವಾದಿಸಿದೆ: ಗುಡಿಗಾರರು ಬೆಂಡಿನಿಂದ ಮಾಡಿದ ಬಾಸಿಂಗವನ್ನು ಕಟ್ಟಿಕೊಂಡೇ ಅತ್ತೆಯವರ ಮದುವೆಯೂ ಆದದ್ದು, ಅಂಕೋಲೆಯ ಕಡೆಯ ಸುಗ್ಗಿ ಕುಣಿತದ ತುರಾಯಿಯಲ್ಲಿ ಅರಳಿರುವುದೂ ಗಿಡದಲ್ಲಿ ಬಿಟ್ಟ ಹೂವಲ್ಲ. ಅವರು ನಕ್ಕು, ಬೆಂಡು ನೀರಿನಲ್ಲಿ ಬೆಳೆಯುವ ಗಿಡವೆಂದು ನೆನಪಿಸಿದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಶಿರಸಿಯಂಥ ಊರಿನ ಫ್ಯಾನ್ಸಿ ಅಂಗಡಿಯಲ್ಲಿ ಎಲ್ಲಿಂದಲೋ ಬಂದ ಪ್ಲಾಸ್ಟಿಕ್ ಹೂವು ಗೋಡೆ ತುಂಬ ಇದ್ದು, ಬೆಂಡಿನ ಒಂದು ಹೂವೂ ಮಾರಾಟಕ್ಕಿಲ್ಲದಿರುವುದು ನನಗೆ ಸರಿಕಾಣುವುದಿಲ್ಲ.

ಇನ್ನು ಮಳೆಗಾಲ. ಜಗಲಿಯ ಕಟ್ಟೆಯ ಮೇಲೆ, ಇರಚಲು ನೇರವಾಗಿ ಬೀಳದ ಮೂಲೆಯಲ್ಲಿ ಇದನ್ನು ಇಟ್ಟಿದ್ದೆ. ಜುಲೈ ಮಧ್ಯದ ಹೊತ್ತಿಗೆ ಮಣ್ಣಿನ ಕುಡಿಕೆಯ ಹೊರಮೈಗೆ ಬೂಸ್ಟು ಬಂದಿತು, ಅದು ಕುಡಿಕೆಯ ಸಹಜ ಗುಣ. ಹೂವುಗಳಲ್ಲಿ ಡೇರೆಯ ಹಿಂಬದಿಗೆ ಅಲ್ಲಲ್ಲಿ ಕಪ್ಪು ಚುಕ್ಕೆಗಳು ಕಾಣಿಸಿದವು. ಪಾಲಿಯೆಸ್ಟರ್ ನೂಲಿಗೆ ಬೂಸ್ಟು ಸುಲಭವಾಗಿ ಹತ್ತುವುದಿಲ್ಲ. ದಳ ಗಟ್ಟಿಯಾಗಿ ನಿಲ್ಲಲೆಂದು ಹಾಕಿದ ಗಂಜಿಯಂಥ ಲೇಪ ಮತ್ತು ಅದರ ಮೇಲೆ ಕೂತ ಧೂಳು ಇವೇ ಅದಕ್ಕೆ ಆಹಾರ. ಹಾಗಾಗಿ ಮಳೆ ಹಿಡಿಯುವ ಮೊದಲು ಹೂವನ್ನು ಧೂಳಿಲ್ಲದಂತೆ ಮಾಡಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ದೊಡ್ಡ ಚೀಲದಲ್ಲಿ ಒಂದು ಹಿಡಿ ಕಲ್ಲುಪ್ಪನ್ನು ಹಾಕಿ, ಹೂವನ್ನು ತಲೆಕೆಳಗಾಗಿ ಅದರೊಳಗಿಟ್ಟು ಅಲುಗಾಡಿಸಿದರೆ ಧೂಳು ಉಪ್ಪಿಗೆ ಅಂಟಿ ಬರುತ್ತದೆ ಎಂಬ ವಿಧಾನವನ್ನು ಹಲವರು ಹೇಳುತ್ತಾರೆ; ಧೂಳು ಹೋಗುವುದು ನಿಜ, ಆದರೆ ಮಳೆಗಾಲದಲ್ಲಿ ಇದನ್ನು ಮಾಡಬಾರದು, ದಳಗಳ ನಡುವೆ ಉಳಿದ ಉಪ್ಪಿನ ಕಣಗಳು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಒಣ ಬ್ರಷ್ಷೇ ಸಾಕು.

ಉಪ್ಪಿನ ಮಾತು ಬಂದುದರಿಂದ ಕಾರವಾರದ ಅನುಭವವನ್ನೂ ಹೇಳಬೇಕು. ಇದೇ ಅಂಗಡಿಯ ಹೂವುಗಳಿಂದ ಮೇ ತಿಂಗಳಲ್ಲಿ ಇನ್ನೊಂದು ಹೂದಾನಿಯನ್ನು ಮಾಡಿ, ದೇವಿಮನೆ ಘಟ್ಟ ಇಳಿದು, ಕೋಡಿಬಾಗದಲ್ಲಿರುವ ನಾದಿನಿಯ ಮನೆಗೆ ಕೊಟ್ಟಿದ್ದೆ. ಅವಳ ಮನೆಗೆ ಕಾಳಿ ನದಿ ಸಮುದ್ರ ಸೇರುವ ಕಡೆಯಿಂದ ಗಾಳಿ ಬೀಸುತ್ತದೆ. ಸೆಪ್ಟೆಂಬರ್ ಮೊದಲ ವಾರ ಚೌತಿಗೆ ಹೋದಾಗ, ಕತ್ತರಿಸಿದ ದಂಟುಗಳ ತುದಿಯಲ್ಲಿ ತೆರೆದುಕೊಂಡಿದ್ದ ತಂತಿಗಳೆಲ್ಲ ತುಕ್ಕು ಹಿಡಿದು, ಎರಡು ಹೂವುಗಳ ಕತ್ತು ಮುರಿದು, ಕೆಳಗಿನ ಮೇಜುಬಟ್ಟೆಗೆ ಕಂದು ಕಲೆಗಳಾಗಿದ್ದವು. ಅದೂ ಸಾಲದೆಂಬಂತೆ ಅವಳು ಕುಡಿಕೆಯ ಭಾರಕ್ಕೆಂದು ಕಡಲತೀರದ ಮರಳನ್ನು ಸೇರಿಸಿದ್ದಳು. ಶಿರಸಿಯ ಹೂದಾನಿಯಲ್ಲಿ ಇಷ್ಟು ತುಕ್ಕು ಇರಲಿಲ್ಲ. ಕರಾವಳಿಯಲ್ಲಿರುವವರು ಕತ್ತರಿಸಿದ ಪ್ರತಿ ತುದಿಯನ್ನೂ ಬಿಸಿ ಅಂಟಿನಲ್ಲಿ ಅದ್ದಿಯೋ, ಉಗುರು ಬಣ್ಣ ಹಚ್ಚಿಯೋ ಮುಚ್ಚಲೇಬೇಕು. ಸಾಧ್ಯವಾದರೆ ತಂತಿಯಿರುವ ದಂಟನ್ನು ಪೂರ್ತಿ ಬಿಟ್ಟು, ಹೂವಿನ ತಲೆಯನ್ನು ಮಾತ್ರ ತೆಗೆದು ಹಿಡಿಕಡ್ಡಿಗೆ ಅಂಟಿಸಬಹುದು. ನಾದಿನಿಯ ಹೂದಾನಿಯನ್ನು ನಾವಿಬ್ಬರೂ ಕುಳಿತು ಹಾಗೆಯೇ ರಿಪೇರಿ ಮಾಡಿದೆವು, ಮರಳನ್ನು ಮಾತ್ರ ಅವಳ ಕೈಯಿಂದಲೇ ಚೆಲ್ಲಿಸಿದೆ.

ಅಂಗಡಿಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ: ಎಲೆಗೆ, ಬೆಲೆಗೆ ಮತ್ತು ತಾಳ್ಮೆಗೆ ಒಂದೊಂದು. ತಾವು ಮಾರುವ ವಸ್ತು ಯಾವ ಕೆಲಸಕ್ಕೆ ಆಗುತ್ತದೆ ಎಂಬುದು ಅಲ್ಲಿನವರಿಗೆ ಗೊತ್ತಿಲ್ಲದಿರುವುದರಿಂದ ಉಳಿದ ಎರಡನ್ನು ಕೊಡಲಾರೆ. ದೀಪಾವಳಿಯ ಮುಂಚೆ ಮತ್ತೆ ಹೋದಾಗ ಎರಡು ಗೊಂಚಲು ನೀಲಗಿರಿ ಎಲೆಯನ್ನು ಮಾತ್ರ ಕೊಂಡೆ. ಹಳೆಯ ಐದು ಹೂವುಗಳು ಹಾಗೆಯೇ ಉಳಿದಿದ್ದುದರಿಂದ ಹೊಸ ಹೂವಿನ ಅಗತ್ಯ ಬೀಳಲಿಲ್ಲ. ಹಣ ಕೊಡುವಾಗ ಮಾಲೀಕರು ಮೇಜಿನ ಕೆಳಗಿನಿಂದ ಬೂದು ಬಣ್ಣದ ಒಂದು ಇಟ್ಟಿಗೆಯನ್ನು ತೆಗೆದು, "ಅಕ್ಕಾ, ನೀವು ಹೇಳಿದ್ದು ಇದೇ ಅಲ್ಲವಾ" ಎಂದು ಕೇಳಿದರು. ಹೆಬ್ಬೆರಳಿನಿಂದ ಒತ್ತಿ ನೋಡಿದೆ, ಕುಸಿಯಲಿಲ್ಲ. ಬೆಲೆ 55 ರೂಪಾಯಿ. ಹಸಿರು ಫೋಮಿಗಿಂತ ಹತ್ತು ರೂಪಾಯಿ ಹೆಚ್ಚು.